ಪ್ರದರ್ಶನದ ಖರ್ಚು ಯಾರ ಲೆಕ್ಕಕ್ಕೆ?

1874ರ ಡಿಸೆಂಬರ್ 17ರಂದು ಪ್ಯಾರಿಸ್ಸಿನಲ್ಲಿ ರೆನ್ವಾರ್ ಅವರ ಸ್ಟುಡಿಯೊದಲ್ಲಿ ಕೆಲವು ಚಿತ್ರಕಾರರು ಲೆಕ್ಕ ನೋಡಲು ಕೂತರು. ಅದೇ ವರ್ಷ ಏಪ್ರಿಲ್ 15ರಿಂದ ಒಂದು ತಿಂಗಳು, ಛಾಯಾಗ್ರಾಹಕ ನಡಾರ್ ಖಾಲಿ ಮಾಡಿದ್ದ ಸ್ಟುಡಿಯೊ ಹಿಡಿದು, ಸರ್ಕಾರಿ ಕಲಾಪ್ರದರ್ಶನವಾದ ಸಲೂನ್‌ನ ತೀರ್ಪುಗಾರರ ಹಂಗಿಲ್ಲದೆ ಸುಮಾರು ಮೂವತ್ತು ಮಂದಿ ತಾವೇ ಸಂಘ ಕಟ್ಟಿಕೊಂಡು ಒಂದು ಪ್ರದರ್ಶನ ನಡೆಸಿದ್ದರು. ಪ್ರವೇಶಕ್ಕೆ ಒಂದು ಫ್ರಾಂಕ್, ಕ್ಯಾಟಲಾಗಿಗೆ ಅರ್ಧ ಫ್ರಾಂಕ್. ಕೆಲಸ ಮುಗಿಸಿ ಬರುವವರಿಗಾಗಿ ರಾತ್ರಿ ಎಂಟರಿಂದ ಹತ್ತರವರೆಗೂ ಬಾಗಿಲು ತೆರೆದಿತ್ತು. ಬಂದವರು ಸುಮಾರು 3,500 ಮಂದಿ. ಇಷ್ಟಾದರೂ ಕೊನೆಗೆ ಕೈಗೆ ಸಿಕ್ಕಿದ್ದು ಸಾಲ. ಸದಸ್ಯರು ತಲೆಗೆ 184.50 ಫ್ರಾಂಕ್ ಕಟ್ಟಬೇಕಾಗಿತ್ತು. ಸಂಘವನ್ನು ಬರಖಾಸ್ತು ಮಾಡಿ ಎದ್ದರು.

ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ಎಂದು ಜಗತ್ತು ಕೊಂಡಾಡುವುದು ಇದನ್ನೇ. ಮೋನೆಯ ಸೂರ್ಯೋದಯದ ಚಿತ್ರವನ್ನು ಗೇಲಿ ಮಾಡಿದ ವಿಮರ್ಶಕನ ಕಥೆ ಕಲಾಶಾಲೆಯ ಮಕ್ಕಳಿಗೂ ಗೊತ್ತು. ಲೆಕ್ಕದ ಪುಸ್ತಕದ ಕಥೆ ಮಾತ್ರ ಯಾರೂ ಹೇಳುವುದಿಲ್ಲ. ನೂರೈವತ್ತು ವರ್ಷಗಳ ಮೇಲೂ ನಮ್ಮ ಬೆಂಗಳೂರು, ಮೈಸೂರು, ಧಾರವಾಡ, ಕಲಬುರಗಿಯಲ್ಲಿ ಸ್ವಂತ ಬಲದಿಂದ ಪ್ರದರ್ಶನ ಮಾಡುವವರು ಬರೆಯುತ್ತಿರುವುದು ಹೆಚ್ಚುಕಡಿಮೆ ಅದೇ ಲೆಕ್ಕ.

ಚಿತ್ರ ಬರೆದು ಮುಗಿಸಿದಲ್ಲಿಗೆ ಕಲಾವಿದರ ಕೆಲಸ ಮುಗಿಯಿತು ಅಂತ ನೋಡುವವರಿಗೆ ಅನಿಸಬಹುದು. ಆ ಬಳಿಕ ಗ್ಯಾಲರಿಗೆ ಮುಂಗಡ ಕಟ್ಟಬೇಕು. ಫ್ರೇಮ್ ಅಂಗಡಿಯವನ ಬೆನ್ನು ಬೀಳಬೇಕು. ಬಬಲ್ ಶೀಟ್ ಸುತ್ತಿ ಟೆಂಪೊಗೆ ಏರಿಸಬೇಕು. ಚಿತ್ರದ ನಡು ನೋಡುವವರ ಕಣ್ಣಿನ ಮಟ್ಟಕ್ಕೆ ಬರುವಂತೆ ದಾರ ಹಿಡಿದು ಮೊಳೆ ಹೊಡೆಯಬೇಕು, ಗಾಜಿನ ಮೇಲೆ ಬೆಳಕು ಕುಕ್ಕದಂತೆ ದೀಪ ತಿರುಗಿಸಬೇಕು. ಚೀಟಿ, ಕ್ಯಾಟಲಾಗ್, ಪತ್ರಿಕೆಗಳಿಗೆ ಟಿಪ್ಪಣಿ, ಅತಿಥಿಗಳಿಗೆ ಫೋನು, ಚಹಾ, ದಿನವಿಡೀ ಕಾವಲು. ಐದಾರು ಜನರ ಗುಂಪು ಪ್ರದರ್ಶನವಾದರಂತೂ ಒಬ್ಬರು ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಲೇಬೇಕು. ಆ ಒಬ್ಬರ ಕುಂಚ ತಿಂಗಳುಗಟ್ಟಲೆ ಒಣಗಿರುತ್ತದೆ. ಇಷ್ಟು ಕೆಲಸಕ್ಕೆ ಬಜೆಟ್ಟಿನಲ್ಲಿ ಒಂದು ಸಾಲೂ ಇರುವುದಿಲ್ಲ. ಬಡಗಿಗೆ, ಮುದ್ರಕನಿಗೆ, ಶಾಮಿಯಾನದವನಿಗೆ ದುಡ್ಡು ಸಲ್ಲುತ್ತದೆ. ಕಲಾವಿದರಿಗೆ 'ಪ್ರಚಾರ' ಸಿಗುತ್ತದೆ.

ಹೀಗಿದ್ದೂ ಕರ್ನಾಟಕದ ಸಮಕಾಲೀನ ಕಲೆಗೆ ಜಾಗ ಒದಗಿಸಿದವರಲ್ಲಿ ಇಂಥವರು ಬಹಳ ಮಂದಿ. ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ಬೆಂಗಳೂರಿನ ಶಾಂತಿ ರಸ್ತೆಯ ತಮ್ಮ ಮನೆಯನ್ನೇ ಪ್ರದರ್ಶನಕ್ಕೂ ಹೊರಗಿನಿಂದ ಬಂದ ಕಲಾವಿದರ ತಂಗುವಿಕೆಗೂ ತೆರೆದಿಟ್ಟರು. 2009ರಲ್ಲಿ ಒಂದಷ್ಟು ಗೆಳೆಯರು 'ಸಮೂಹ' ಎಂಬ ಹೆಸರಿನಲ್ಲಿ ಜೆ.ಸಿ. ರಸ್ತೆಯ ಎಡಿಎ ರಂಗಮಂದಿರದಲ್ಲಿ ಜಾಗ ಹಿಡಿದು, ಬಾಡಿಗೆ ಹಂಚಿಕೊಂಡು, ಒಂದು ವರ್ಷಕ್ಕೂ ಮಿಗಿಲಾಗಿ ಸರದಿಯ ಮೇಲೆ ಕೆಲಸ ತೋರಿಸಿದರು. ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಸರ್ಕಾರದ ಯೋಜನೆಯ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದದ್ದು ಕೂಡ ಇದೇ ಕಾರಣಕ್ಕೆ. ಕೈಗೆಟಕುವ ಬಾಡಿಗೆಯ ಸಾರ್ವಜನಿಕ ಗೋಡೆ ಹೋದರೆ, ಹಿಂದೆ ಮುಂದೆ ಯಾರೂ ಇಲ್ಲದ ಕಲಾವಿದರು ಎಲ್ಲಿ ಹೋಗಬೇಕು?

ಚಿತ್ರಸಂತೆ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಅದರ ಉಪಕಾರ ದೊಡ್ಡದು. 2003ರಿಂದ ಚಿತ್ರಕಲಾ ಪರಿಷತ್ತು ನಡೆಸಿಕೊಂಡು ಬಂದಿರುವ ಈ ಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಕೊಳ್ಳುವವರೂ ಬರೆದವರೂ ಮುಖಾಮುಖಿ ಚೌಕಾಸಿ ಮಾಡುತ್ತಾರೆ. ಆದರೆ ಸಂತೆಯಲ್ಲಿ ಸಲ್ಲುವುದು ಕಂಕುಳಲ್ಲಿಟ್ಟು ಒಯ್ಯಬಲ್ಲ ಚಿತ್ರ. ಕೋಣೆ ತುಂಬುವ ಇನ್‌ಸ್ಟಲೇಷನ್, ವಿಡಿಯೊ, ಒಂದು ಕೆರೆಯ ಬಗ್ಗೆ ಮೂರು ವರ್ಷ ಕೂಡಿಹಾಕಿದ ದಾಖಲೆಗಳ ಕಲಾಕೃತಿ ಅಲ್ಲಿ ನಿಲ್ಲಲಾರವು. ಖಾಸಗಿ ಗ್ಯಾಲರಿಗಳೋ, ಮಾರಾಟದಲ್ಲಿ ಅರ್ಧದವರೆಗೂ ಕಮಿಷನ್ ಹಿಡಿಯುವುದರಿಂದ ಮಾರಾಟವಾಗದ್ದನ್ನು ಮುಟ್ಟಲು ಹಿಂಜರಿಯುತ್ತವೆ.

'ಮಾರಿದರೆ ಲಾಭ ಅವರದೇ ತಾನೇ, ಖರ್ಚೂ ಅವರದೇ ಇರಲಿ' ಎಂಬ ವಾದ ನಿಲ್ಲದಿರುವುದು ಇಲ್ಲಿಯೇ. ಸಂಗೀತ ಕಛೇರಿ ಮುಗಿದ ಮೇಲೆ ಸಿ.ಡಿ. ಮಾರಾಟವಾಯಿತೇ ಎಂದು ನೋಡಿ ಗಾಯಕರಿಗೆ ಸಂಭಾವನೆ ಕೊಡುವುದಿಲ್ಲ, ಹಾಡಿದ್ದಕ್ಕೆ ಕೊಡುತ್ತೇವೆ. ಗೋಡೆಯ ಮೇಲಿನ ಚಿತ್ರವನ್ನು ಸಾವಿರ ಜನ ಪುಕ್ಕಟೆಯಾಗಿ ನೋಡಿ ಹೋದಾಗಲೂ ಕೆಲಸ ನಡೆದಿರುತ್ತದೆ. ಕೆನಡಾದಲ್ಲಿ ಈ ಮಾತು ಕಾನೂನೇ ಆಯಿತು. ಅಲ್ಲಿನ ರಾಷ್ಟ್ರೀಯ ಗ್ಯಾಲರಿ ಕಲಾಕೃತಿಗಳ ಸ್ಲೈಡ್ ಪ್ರತಿಗಳಿಗೆ ಪುಕ್ಕಟೆ ಅನುಮತಿ ಕೇಳಿದಾಗ ಚಿತ್ರಕಾರ ಜ್ಯಾಕ್ ಚೇಂಬರ್ಸ್ ಒಪ್ಪಲಿಲ್ಲ. 1968ರಲ್ಲಿ ಕಲಾವಿದರ ಸಂಘಟನೆ ಕಟ್ಟಿದರು. 1988ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಪ್ರದರ್ಶನದ ಹಕ್ಕು ಸೇರಿತು: ಮಾರಾಟಕ್ಕಲ್ಲದೆ ಸಾರ್ವಜನಿಕರಿಗೆ ತೋರಿಸುವುದಾದರೂ ಕಲಾವಿದರಿಗೆ ಹಣ ಸಲ್ಲಬೇಕು. ನಮ್ಮ ಕಾಯ್ದೆಯ 53ಎ ಕಲಂ ಕಲಾಕೃತಿ ಹತ್ತು ಸಾವಿರ ರೂಪಾಯಿಗೂ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ ಕಲಾವಿದರಿಗೆ ಪಾಲಿದೆ ಎನ್ನುತ್ತದೆ. ತೋರಿಸಿದ್ದಕ್ಕೆ ಪಾಲು ಎಂಬ ಮಾತು ಅದರಲ್ಲಿ ಇಲ್ಲ.

ಕಾನೂನು ಬರುವವರೆಗೆ ಕಾಯಬೇಕಿಲ್ಲ. ಸರ್ಕಾರದ ಇಲಾಖೆ, ಅಕಾಡೆಮಿ, ವಿಶ್ವವಿದ್ಯಾಲಯ, ಉತ್ಸವ ಸಮಿತಿ, ಯಾರೇ ಕಲಾವಿದರನ್ನು ಕರೆದರೂ ಕೃತಿ ತೋರಿಸುವ ಪ್ರತಿಯೊಬ್ಬರಿಗೂ ಒಂದು ಗೌರವಧನ ನಿಗದಿ ಮಾಡಲಿ, ಸಂಘಟಿಸಿದವರ ಕೂಲಿಯನ್ನು ಬೇರೆಯಾಗಿ ಬರೆಯಲಿ. ಸಂಘವೆಂದು ನೋಂದಾಯಿಸದ ಗುಂಪುಗಳಿಗೂ ಸಹಾಯಧನ ಮುಟ್ಟುವ ದಾರಿ ಬೇಕು. ಸ್ವತಂತ್ರ ಸಂಘಟಕರಿಗೂ ಒಂದು ಮಾತು ಸಲ್ಲುತ್ತದೆ. ಜತೆಗಾರರಿಂದ ಸಾವಿರಗಟ್ಟಲೆ 'ಭಾಗವಹಿಸುವ ಶುಲ್ಕ' ಎತ್ತಿ, ಪ್ರಮಾಣಪತ್ರ, ಫಲಕ ಹಂಚಿ ಕಳಿಸುವ ಪ್ರದರ್ಶನಗಳು ಹೆಚ್ಚಾಗಿವೆ. ಎತ್ತಿದ ಹಣ ಎಲ್ಲಿ ಹೋಯಿತು ಎಂಬುದು ಸದಸ್ಯರಿಗೆಲ್ಲ ಕಾಣಬೇಕು. ಹಾಗೆಯೇ ಒಳ್ಳೆಯ ಗೋಡೆ ಸಂಘಟಕರಿಗೇ ಮೀಸಲಾಗಬಾರದು. ಪ್ಯಾರಿಸ್ಸಿನ ಆ ಗುಂಪು ಜಾಗದ ಜಗಳ ಬೇಡವೆಂದು ಚೀಟಿ ಎತ್ತುವ ನಿಯಮ ಮಾಡಿಕೊಂಡಿತ್ತು.

ಹಣವಿಲ್ಲ ಎಂಬ ಉತ್ತರ ಬರುವುದು ಗೊತ್ತಿದ್ದದ್ದೇ. ಯಾವುದೇ ಕಲಾಪ್ರದರ್ಶನದ ಉದ್ಘಾಟನೆಗೆ ಹೋಗಿ ನೋಡಿ: ಶಾಲು, ಹಾರ, ಫಲಕ, ಫ್ಲೆಕ್ಸ್, ಹಿತ್ತಾಳೆ ದೀಪಕ್ಕೆ ಹೂವಿನ ಅಲಂಕಾರ, ಎಲ್ಲಕ್ಕೂ ಹಣ ಹೊಂದಿಕೆಯಾಗಿರುತ್ತದೆ. ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲಿ ಕಲಾವಿದರ ಹೆಸರು ಬರೆದು, ಉಳಿದ ಹಣದಲ್ಲಿ ಹಾರ ಕೊಳ್ಳೋಣ. ಉಳಿಯದಿದ್ದರೆ ಅತಿಥಿಗಳು ಬರಿಗೊರಳಲ್ಲೇ ಭಾಷಣ ಮಾಡಲಿ.