ಗುಟ್ಟಿನ ಡ್ರೈವರ್‌ಗಳಿಗೆ ಎಷ್ಟು ಸಹನೆ?

ಕೇರಳದ ಶಾಲೆಗಳಲ್ಲಿ, ಅಂತೆಯೇ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿಯೂ, ಮಕ್ಕಳು ಕಲಿಯುವುದು ಲಿನಕ್ಸ್ ಆಧಾರಿತ ಗಣಕಯಂತ್ರಗಳಲ್ಲಿ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ಮುಕ್ತ ತಂತ್ರಾಂಶದ ಮೂಲ ಸಂಕೇತಗಳನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ಪ್ರಿಂಟರ್, ವೈಫೈ ಮೊದಲಾದ ಉಪಕರಣಗಳು ನಡೆಯಬೇಕಾದರೆ ‘ಡ್ರೈವರ್’ ಎಂಬ ತಂತ್ರಾಂಶ ಬೇಕು. ಕೆಲವು ತಯಾರಕರು ಅದರ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಇಂಥವಕ್ಕೆ ಮುಕ್ತ ವ್ಯವಸ್ಥೆಯಲ್ಲಿ ಸ್ಥಾನವಿರಬೇಕೆ?

ಕೂಡದೆನ್ನುವವರ ಮಾತಿನಲ್ಲಿ ಹುರುಳಿದೆ. ತಯಾರಕರು ಕೈಬಿಟ್ಟರೆ ಗಟ್ಟಿಮುಟ್ಟಾದ ಯಂತ್ರವೂ ಮೂಲೆ ಸೇರುತ್ತದೆ. ಗುಟ್ಟು ತಿಳಿಯದೆ ಬೇರೆಯವರು ಸರಿಪಡಿಸುವುದು ಬಲು ಕಷ್ಟ. ಆದರೆ ಹಟ ಹಿಡಿದರೆ ಇಂದಿನ ಪಾಠವೇ ನಿಲ್ಲುತ್ತದೆ.

ಲಿನಕ್ಸ್ ಹಂಚುವ ಡೆಬಿಯನ್ ಬಳಗವು ಉಪಕರಣದೊಳಗೆ ಓಡುವ ಮುಚ್ಚಿದ ಫರ್ಮ್‌ವೇರನ್ನು ಬಹುಕಾಲ ತನ್ನ ಅಧಿಕೃತ ಪ್ರತಿಯಿಂದ ದೂರವಿಟ್ಟಿತ್ತು. 2022ರಲ್ಲಿ ಮತ ಹಾಕಿ, 2023ರ 12ನೆಯ ಆವೃತ್ತಿಯಲ್ಲಿ ಸೇರಿಸಿಕೊಂಡಿತು. ಆದರೆ ಅದನ್ನು ಬೇರೆಯೇ ವಿಭಾಗದಲ್ಲಿಟ್ಟು, ಬೇಡವೆನ್ನುವ ಹಕ್ಕನ್ನೂ ಬಳಸುವವರಿಗೆ ಉಳಿಸಿತು. ಇದು ವಿವೇಕದ ದಾರಿ. ಎನ್ವಿಡಿಯಾ ಸಂಸ್ಥೆಯೂ 2022ರಲ್ಲಿ ತನ್ನ ಲಿನಕ್ಸ್ ಡ್ರೈವರ್‌ನ ಒಂದು ಮುಖ್ಯ ಭಾಗವನ್ನು ತೆರೆದಿಟ್ಟಿತು. ಮುಚ್ಚಿದ ಬಾಗಿಲು ತೆರೆಯಲಾರದ್ದಲ್ಲ.

ನಮ್ಮ ಉತ್ತರ ಅಡ್ಡಗೋಡೆಯ ಮೇಲಿಟ್ಟ ದೀಪವಲ್ಲ. ಮುಚ್ಚಿದ ಡ್ರೈವರನ್ನು ಊರುಗೋಲಿನಂತೆ ಸಹಿಸೋಣ, ಬಚ್ಚಿಡದೆ ಹೇಳೋಣ, ಅದೇ ಕಾಲೆಂದು ಭಾವಿಸದಿರೋಣ. ಪೋಷಕರೇ, ಯಂತ್ರ ಕೊಳ್ಳುವ ಮೊದಲು ಬೆಲೆಯೊಂದಿಗೆ ಇದನ್ನೂ ಕೇಳಿ: “ಇದಕ್ಕೆ ಮುಕ್ತ ಡ್ರೈವರ್ ಇದೆಯೇ?” ವಿದ್ಯಾರ್ಥಿಗಳೇ, ಅಂಥ ಡ್ರೈವರನ್ನು ಬರೆಯುವಷ್ಟು ಕಲಿಯಿರಿ. ಕೇಳುವವರೂ ಬರೆಯುವವರೂ ಹೆಚ್ಚಿದಂತೆ ಊರುಗೋಲಿನ ಅಗತ್ಯ ಕಡಿಮೆಯಾದೀತು.