ಹುಗಿದ ಕೊಳವೆಗೆ ತೇಪೆ ಸಲ್ಲದು

ನೆಲದಡಿ ಹುಗಿದ ತೈಲದ ಕೊಳವೆ ತೂತಾದರೆ ಅದನ್ನು ದುರಸ್ತಿ ಮಾಡಬಾರದು; ಕೈಬಿಡಬೇಕು. ತೂತಾದ ಜಾಗವನ್ನಷ್ಟೇ ಅಗೆದು, ಹೊಸ ತುಂಡು ಜೋಡಿಸಿ, ಮಣ್ಣು ಮುಚ್ಚಿ ಕೈತೊಳೆದುಕೊಳ್ಳುವ ಪದ್ಧತಿಗೆ ದುರಸ್ತಿಯೆಂಬ ಹೆಸರೇ ಸಲ್ಲದು. ಅದು ಮುಂದಿನ ಸೋರಿಕೆಯನ್ನು ಆಹ್ವಾನಿಸುವ, ಹಿಂದಿನದನ್ನು ಮರೆಮಾಚುವ ಉಪಾಯ ಮಾತ್ರ.

ಚಳಿದೇಶಗಳ ಅನುಭವವೇ ಇದಕ್ಕೆ ಸಾಕ್ಷಿ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಅಸಂಖ್ಯ ಮನೆಗಳನ್ನು ಬೆಚ್ಚಗಿಡುವುದು ಡೀಸೆಲ್‌ಗೆ ತೀರ ಸಮೀಪದ ತೈಲ. ತೊಟ್ಟಿಯಿಂದ ಬರ್ನರಿನವರೆಗೆ ತಾಮ್ರದ ಸಣ್ಣ ಕೊಳವೆ. ಹಲವು ಹಳೆಯ ಮನೆಗಳಲ್ಲಿ ಅದು ಮಣ್ಣಿನಲ್ಲೋ ಕಾಂಕ್ರೀಟಿನಲ್ಲೋ ಹುದುಗಿದೆ. ಅಲ್ಲಿನ ತೇವ ಲೋಹವನ್ನು ಮೆಲ್ಲನೆ ತಿನ್ನುತ್ತದೆ. ಒಂದೆಡೆ ಹೀಗೆ ತೂತಾದ ಮೇಲೆ, ಅದೇ ವಯಸ್ಸಿನ, ಅದೇ ನೆಲದ ಉಳಿದ ಭಾಗ ಗಟ್ಟಿಯಾಗಿದೆಯೆಂದು ನಂಬುವುದು ಹೇಗೆ?

ಸೋರಿದರೆ ತಿಳಿಯದೇ ಇದ್ದೀತೇ ಎನ್ನುವವರಿದ್ದಾರೆ. ಪಂಪು ತೈಲವನ್ನು ಹೀರುವ ಕೊಳವೆಯಲ್ಲಿ ತೂತಾದರೆ ಗಾಳಿ ಒಳನುಗ್ಗಿ ಉರಿ ಆರುವುದುಂಟು, ತಿಳಿಯಬಹುದು. ಆದರೆ ಎರಡು ಕೊಳವೆಗಳ ವ್ಯವಸ್ಥೆಯಲ್ಲಿ ಮಿಕ್ಕ ತೈಲವನ್ನು ಪಂಪು ಒತ್ತಡದಿಂದ ತೊಟ್ಟಿಗೆ ಮರಳಿಸುತ್ತದೆ. ಆ ಮರಳುವ ಕೊಳವೆ ಒಡೆದರೆ ಉರಿ ಎಂದಿನಂತೆಯೇ ಇರುತ್ತದೆ, ತೈಲ ಮಣ್ಣಿಗೆ ಹೋಗುತ್ತಿರುತ್ತದೆ. ಸೆಕೆಂಡಿಗೆ ಒಂದೇ ಹನಿ, 20 ಹನಿಗೆ 1 ಮಿಲಿಲೀಟರ್ ಎಂದಿಟ್ಟುಕೊಂಡರೂ ದಿನಕ್ಕೆ 4 ಲೀಟರಿಗೂ ಹೆಚ್ಚು. ತಿಂಗಳಿಗೆ ಸುಮಾರು 130 ಲೀಟರ್!

ಮ್ಯಾಸಚೂಸೆಟ್ಸ್ ರಾಜ್ಯ ಇದನ್ನು ಮನೆಯೊಡೆಯರ ವಿವೇಕಕ್ಕೆ ಬಿಡಲಿಲ್ಲ. 2010ರ ಜುಲೈ 1ರಿಂದ ಜಾರಿಗೆ ಬಂದ ಅಲ್ಲಿನ ಕಾನೂನು, ಇಂತಹ ಕೊಳವೆಗಳಿಗೆ ರಕ್ಷಾಕವಚವನ್ನಾಗಲಿ ತೊಟ್ಟಿಯ ಬಳಿ ಸುರಕ್ಷತಾ ಕವಾಟವನ್ನಾಗಲಿ ಅಳವಡಿಸಬೇಕೆಂದು ವಿಧಿಸಿತು. ಸ್ವಾಗತಾರ್ಹ ಕ್ರಮ. ಆದರೆ ಕವಾಟ ತೈಲವನ್ನು ತಡೆದೀತೇ ಹೊರತು ಕೊಳವೆಯ ಸವಕಳಿಯನ್ನಲ್ಲ.

ದೂರದ ಊರಿನ ಈ ಕತೆ ನಮಗೇಕೆ? ಮಲೆನಾಡಿನ ಮನೆಗಳಿಗೆ ಒಲೆಯ ಕಾವೇ ಸಾಕು, ನಿಜ. ಆದರೆ ಡೀಸೆಲ್ ನಮ್ಮಲ್ಲೂ ಇದೆ. ಎಸ್ಟೇಟಿನ, ಹೋಮ್‌ಸ್ಟೇಯ ಜನರೇಟರಿಗೆ ಅಂಗಳದ ಅಂದ ಕೆಡದಿರಲೆಂದು ಕೊಳವೆ ಹುಗಿದಲ್ಲೆಲ್ಲ ಇದೇ ಪ್ರಶ್ನೆ ಏಳುತ್ತದೆ. ನಮ್ಮ ಜಂಬಿಟ್ಟಿಗೆ ನೆಲದ ತುಂಬ ರಂಧ್ರಗಳು. ಮಳೆನೀರು ಇಳಿವ ದಾರಿಯಲ್ಲೇ ತೈಲವೂ ಇಳಿಯುತ್ತದೆ. ನೀರಿಗಿಂತ ಹಗುರವಾದ ಡೀಸೆಲ್ ಅಂತರ್ಜಲದ ಮೇಲೆ ತೇಲಿ, ಮಳೆಗಾಲದಲ್ಲಿ ಅದರೊಡನೆ ಏರಿ, ಬೇಸಿಗೆಯಲ್ಲಿ ಇಳಿದು, ಮಣ್ಣಿನ ಪದರಗಳಿಗೆಲ್ಲ ಬಳಿದುಕೊಳ್ಳುತ್ತದೆ. ಇಳಿಜಾರಿನ ಕೆಳಗಿನ ಬಾವಿಗೆ ಬೇಲಿಯ ಗಡಿ ತಿಳಿಯದು.

ಮಣ್ಣು ತಾನೇ ಶುದ್ಧವಾಗುತ್ತದೆ ಎಂಬುದು ಅರ್ಧಸತ್ಯ. ತೈಲವನ್ನು ತಿನ್ನುವ ಸೂಕ್ಷ್ಮಾಣುಗಳು ಮಣ್ಣಿನಲ್ಲಿವೆ. ಆದರೆ ಅವಕ್ಕೆ ಆಮ್ಲಜನಕ ಬೇಕು, ಸಾರಜನಕವೂ ಬೇಕು. ತೈಲದಲ್ಲಿ ಇಂಗಾಲವೇ ಪ್ರಧಾನವಾದುದರಿಂದ ಸಾರಜನಕವನ್ನು ಅವು ಮಣ್ಣಿನಿಂದಲೇ ಕಸಿಯುತ್ತವೆ; ಬೆಳೆ ಹಳದಿಗೆ ತಿರುಗುತ್ತದೆ. ಗಾಳಿಯಾಡದ ಆಳದಲ್ಲಂತೂ ಶುದ್ಧೀಕರಣ ಅತಿ ನಿಧಾನ. ಸಾಬೂನುಪುಡಿ ಸುರಿದು ನೀರು ಹಾಯಿಸುವುದೆಂದರೆ ತೈಲವನ್ನು ಇನ್ನಷ್ಟು ಆಳಕ್ಕೆ ತಳ್ಳುವುದೇ ಸರಿ.

ಆದ್ದರಿಂದ ಸೋರಿಕೆ ಕಂಡೊಡನೆ ತೊಟ್ಟಿಯ ಕವಾಟ ಮುಚ್ಚಿ, ಕೊಳವೆಯನ್ನು ಬರಿದುಮಾಡಿ ಶಾಶ್ವತವಾಗಿ ಕೈಬಿಡಬೇಕು. ಹೊಸದನ್ನು ನೆಲದ ಮೇಲೆ, ಕಣ್ಣಿಗೆ ಕಾಣುವಂತೆ ಒಯ್ಯಬೇಕು. ಹುಗಿಯಲೇಬೇಕಾದಲ್ಲಿ ನಡುವೆ ಜೋಡಣೆಯಿಲ್ಲದೆ, ಕವಚದೊಳಗೆ ಹಾಯಿಸಬೇಕು. ತೈಲ ಕುಡಿದ ಮಣ್ಣನ್ನು ಅಗೆದು ತೆಗೆದು, ಮಳೆ ತಾಗದಂತೆ ಟಾರ್ಪಾಲಿನಲ್ಲಿ ಮುಚ್ಚಿಡಬೇಕು; ತೋಟದ ತಗ್ಗಿಗೆ ತುಂಬಬಾರದು. ಎಲ್ಲಕ್ಕಿಂತ ಮೊದಲು ಕೆಳಗಿನ ಮನೆಯವರಿಗೆ ಸುದ್ದಿ ಮುಟ್ಟಿಸಿ, ಅವರ ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಬೇಕು.

ಇದು ದುಬಾರಿಯೆಂದು ಗೊಣಗುವವರು ಒಂದು ಮಾತಿಗೆ ಉತ್ತರಿಸಲಿ: ಅಗ್ಗದ ತೇಪೆಯ ಉಳಿದ ಬೆಲೆಯನ್ನು ತೆರುವವರು ಯಾರು? ಕೊಳವೆ ನಿಮ್ಮದಿರಬಹುದು, ಅದರಡಿಯ ನೀರು ಇಡೀ ಊರಿನದು.