ಮೂರನೇ ಬ್ಯಾಟರಿ ತರುವ ಮುಂಚೆ ಡೈನಮೋ ಕಡೆ ನೋಡಿ

ನಮ್ಮ ಮನೆಯ ಟ್ರ್ಯಾಕ್ಟರ್ ನನಗಿಂತ ಹಿರಿಯದು. ಇಂಜಿನ್ ಇವತ್ತಿಗೂ ಗಟ್ಟಿ. ಆದರೆ ಸೆಲ್ಫ್ ಹೊಡೆದರೆ ಟಕ್ ಅಂದು ಸುಮ್ಮನಾಗೋದು. ಅದಕ್ಕೇ ಅಪ್ಪ ಯಾವಾಗಲೂ ಇಳಿಜಾರಲ್ಲೇ ನಿಲ್ಲಿಸೋರು. ಮೂರು ವರ್ಷದಲ್ಲಿ ಎರಡು ಬ್ಯಾಟರಿ ಬದಲಾಯಿಸಿದೆವು.

ಒಂದು ದಿನ ನಸುಕಿನಲ್ಲಿ ಎಳನೀರು ತುಂಬಿಕೊಂಡು ಮದ್ದೂರು ಮಾರುಕಟ್ಟೆಗೆ ಹೊರಟಿದ್ದೆ. ದಾರಿಯಲ್ಲಿ ಲೈಟು ಮಂಕಾಯ್ತು, ಟ್ರೇಲರ್ ಹಿಂದಿನ ಕೆಂಪು ದೀಪವೂ ಆರಿತ್ತು. ಹಿಂದಿನಿಂದ ಬಂದ ಬೈಕ್ ಗೇಣಂತರದಲ್ಲಿ ತಪ್ಪಿಸಿಕೊಂಡಿತು. "ಅಣ್ಣ, ನೀವಿರೋದೇ ಕಾಣಲಿಲ್ಲ" ಅಂದ ಆ ಹುಡುಗ. ಕೈ ನಡುಗಿತು.

ಎಲೆ ಹಳದಿಯಾದರೆ ಬೇರು ನೋಡಿ ಅಂತ ನಾನೇ ಎಲ್ಲರಿಗೂ ಹೇಳ್ತೀನಿ. ಟ್ರ್ಯಾಕ್ಟರ್ ವಿಷಯದಲ್ಲಿ ಮಾತ್ರ ಬೇರು ಬಿಟ್ಟು ಎಲೆಗೇ ಗೊಬ್ಬರ ಹಾಕ್ತಿದ್ದೆ.

ಲೆಕ್ಕ ಸರಳ. ನಮ್ಮ ಡೈನಮೋ 11 ಆಂಪಿಯರ್‌ನದು. 55 ವ್ಯಾಟ್‌ನ ಎರಡು ಹೆಡ್‌ಲೈಟಿಗೇ 9 ಆಂಪಿಯರ್ ಬೇಕು. ಹಿಂದಿನ ದೀಪವೂ ಸೇರಿದರೆ ಬ್ಯಾಟರಿಗೆ ಉಳಿಯೋದು ಏನೂ ಇಲ್ಲ. ಇಂಜಿನ್ ನಿಧಾನವಾದಾಗಂತೂ ಡೈನಮೋ ಚಾರ್ಜೇ ಮಾಡಲ್ಲ. ಅರೆಹೊಟ್ಟೆಯಲ್ಲೇ ಇರುವ ಬ್ಯಾಟರಿಯ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಬೇಗ ಸಾಯುತ್ತೆ. ಆಲ್ಟರ್ನೇಟರ್ ಹಾಗಲ್ಲ, ಕಡಿಮೆ ವೇಗದಲ್ಲೂ ಚಾರ್ಜ್ ಕೊಡುತ್ತೆ.

ಹಾಗಂತ ನಾಳೆಯೇ ಅಂಗಡಿಗೆ ಓಡಬೇಡಿ. ಮೊದಲು ಟರ್ಮಿನಲ್ ಉಜ್ಜಿ, ಬಾಡಿಗೆ ಹೋಗುವ ಅರ್ಥ್ ವೈರ್ ಬಿಗಿ ಮಾಡಿ, ಬೆಲ್ಟ್ ಸಡಿಲವಿದೆಯಾ ನೋಡಿ. ಆಮೇಲೆ ಮೀಟರ್ ಹಿಡಿಯಿರಿ. ತುಂಬಿದ ಬ್ಯಾಟರಿ ಇಂಜಿನ್ ನಿಂತಿದ್ದಾಗ 12.6 ವೋಲ್ಟ್ ತೋರಿಸಬೇಕು. ಇಂಜಿನ್ ಜೋರಾಗಿ ಓಡುವಾಗ ಸುಮಾರು 13.8ರಿಂದ 14.4 ಇರಬೇಕು. ಹಗಲು ಮಾತ್ರ ಓಡಿಸೋರಿಗೆ, ಡೈನಮೋ ಸರಿಯಿದ್ದರೆ ಅದೇ ಸಾಕು. ಕಾರ್ಬನ್ ಬ್ರಷ್ ಬದಲಾಯಿಸಿದರೂ ಎಷ್ಟೋ ಸಲ ಸರಿಹೋಗುತ್ತೆ.

ರಾತ್ರಿ, ನಸುಕಿನಲ್ಲಿ ರಸ್ತೆಗೆ ಇಳಿಯೋರು ಮಾತ್ರ ಆಲ್ಟರ್ನೇಟರ್ ಹಾಕಿಸಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಕೆಲಸ ಆಟೊ ಎಲೆಕ್ಟ್ರಿಷಿಯನ್‌ಗೇ ಕೊಡಿ, ಆದರೆ ಪಕ್ಕದಲ್ಲೇ ನಿಂತು ಇಷ್ಟು ಗಮನಿಸಿ:

• ಕೆಲವು ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಕೊಟ್ಟಿರುತ್ತೆ. ಸಾಮಾನ್ಯ ಆಲ್ಟರ್ನೇಟರ್‌ಗೆ ಮೈನಸ್ ಬಾಡಿಗೆ ಬರಬೇಕು. ಉಲ್ಟಾ ಆದರೆ ಡಯೋಡ್ ಸುಟ್ಟುಹೋಗುತ್ತೆ.
• ರೆಗ್ಯುಲೇಟರ್ ಒಳಗೇ ಇರುವ ಆಲ್ಟರ್ನೇಟರ್ ಆದರೆ ಹಳೆಯ ಕಟೌಟ್ ಬಾಕ್ಸ್ ತೆಗೆಸಿ.
• ಬ್ಯಾಟರಿಗೆ ಹೋಗುವ ಹಳೆಯ ತೆಳು ವೈರ್ ಬೇಡ. ಹೆಚ್ಚಿನ ಕರೆಂಟ್ ತಡೆಯುವ ದಪ್ಪ ವೈರ್ ಎಳೆಸಿ.
• ಚಾರ್ಜಿಂಗ್ ಬಲ್ಬ್ ಬಿಡಬೇಡಿ. ಬಹಳಷ್ಟು ಆಲ್ಟರ್ನೇಟರ್ ಚಾರ್ಜ್ ಶುರುಮಾಡೋಕೆ ಅದರ ಮೂಲಕ ಬರುವ ಕರೆಂಟೇ ಬೇಕು.
• ಪುಲ್ಲಿಗಳು ಒಂದೇ ನೇರದಲ್ಲಿರಲಿ.

ಹಾಕಿಸಿದ ಮೇಲೆ ಒಂದು ಹಳೇ ಚಾಳಿ ಬಿಡಬೇಕು. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು "ಚಾರ್ಜ್ ಬರ್ತಿದೆಯಾ" ಅಂತ ನೋಡಬೇಡಿ. ವೆಲ್ಡಿಂಗ್ ಮಾಡಿಸುವಾಗಲೂ ಮೊದಲು ಬ್ಯಾಟರಿ ಬಿಚ್ಚಿಡಿ.

ನನಗಾದ ಖರ್ಚು ಹೆಚ್ಚುಕಡಿಮೆ ಒಂದು ಹೊಸ ಬ್ಯಾಟರಿಯ ಬೆಲೆ. ಅದನ್ನು ಎರಡು ಬ್ಯಾಟರಿ ಹಿಂದೆಯೇ ಮಾಡಬೇಕಿತ್ತು. ಇವತ್ತು ಕತ್ತಲಾದ ಮೇಲೆ ಇಂಜಿನ್ ಸ್ಲೋ ಇಟ್ಟು, ಲೈಟ್ ಹಾಕಿ, ಐವತ್ತು ಹೆಜ್ಜೆ ಹಿಂದೆ ನಡೆದುಹೋಗಿ ನಿಂತು ನೋಡಿ. ನಿಮ್ಮ ಟ್ರೇಲರ್ ನಿಮಗೇ ಕಾಣದಿದ್ದರೆ ಬೈಕಿನವನಿಗೆ ಎಲ್ಲಿಂದ ಕಾಣಬೇಕು?